ಏರಲು ಬಿಟ್ಟ ಜಾಗ

ನನಗೆ ಸಿಟ್ಟು ಬೇಗ. ನನ್ನ ತವರು ಕಿತ್ತೂರಿನ ಕಡೆಯದು. ಆ ಕಡೆಯವರಿಗೆ ಸಿಟ್ಟು ಬಳುವಳಿಯಾಗಿ ಬರುತ್ತದೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಇಪ್ಪತ್ತು ವರ್ಷ ಗಣಿತ ಕಲಿಸಿದ್ದೇನೆ, ಎಷ್ಟೋ ಮಕ್ಕಳ ಮೇಲೆ ರೇಗಿದ್ದೇನೆ. ಅದಕ್ಕೆಲ್ಲ ನನಗೆ ಅಷ್ಟೇನೂ ಬೇಜಾರಿಲ್ಲ. ರೇಗಿದ ಮೇಲೆ ಕರೆದು ಮಾತಾಡಿಸುತ್ತೇನೆ, ಮಕ್ಕಳೂ ಮರೆತುಬಿಡುತ್ತವೆ. ಆದರೆ ಒಂದು ಜೂನ್ ತಿಂಗಳಲ್ಲಿ, ಸಿಟ್ಟು ಗಿಟ್ಟು ಏನೂ ಇಲ್ಲದೆ, ತಣ್ಣಗೆ ಕುಳಿತು ಕೆಂಪು ಪೆನ್ನು ಹಿಡಿದು ಒಂದು ಕೆಲಸ ಮಾಡಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮುಖ ನನಗೇ ತೋರಿಸಬಾರದು ಎನಿಸುತ್ತದೆ.

ನನ್ನ ಮನೆ ಬೈಲಹೊಂಗಲದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ನೌಕರಿ. ಊರಿನ ಹೆಸರು ಬೇಡ. ತಪ್ಪು ನನ್ನದು, ಊರಿನದಲ್ಲ. ಆ ವರ್ಷ ನಮ್ಮ ಹೆಡ್‌ಮಾಸ್ತರರಿಗೆ ಒಂದು ಹೊಸ ವಿಚಾರ ಹೊಳೆದಿತ್ತು. ಎಂಟನೆಯ ತರಗತಿಗೆ ಸೇರಲು ಬಂದ ಮಕ್ಕಳಿಗೆ ಬೇಸಿಗೆಯಲ್ಲೇ ಒಂದು ಪರೀಕ್ಷೆ ಇಟ್ಟು, ಚುರುಕಾದ ಇಪ್ಪತ್ತೈದು ಮಕ್ಕಳನ್ನು ಆರಿಸಿ ಬೇರೆ ವರ್ಗ ಮಾಡುವುದು. ಕಾಗದದ ಮೇಲೆ ಅದು ‘ಎ’ ವಿಭಾಗ. ಊರಿನ ಬಾಯಲ್ಲಿ ಒಂದೇ ವಾರದಲ್ಲಿ ಅದು ‘ಶ್ಯಾಣ್ಯಾರ ವರ್ಗ’, ಜಾಣರ ವರ್ಗ, ಆಯಿತು. ಮಕ್ಕಳನ್ನು ಬೈಲಹೊಂಗಲದ ಖಾಸಗಿ ಶಾಲೆಗೆ ಕಳಿಸುತ್ತಿದ್ದ ಮಂದಿಯೂ, ಡಾಕ್ಟರರು, ಅಂಗಡಿಯವರು, ನಮ್ಮಂಥ ನೌಕರಿಯವರು, ತಮ್ಮ ಮಕ್ಕಳನ್ನು ಇಲ್ಲಿಗೆ ತಂದು ಸೇರಿಸಿದರು. ಆ ವರ್ಗಕ್ಕೆ ನಾನೇ ಕ್ಲಾಸ್ ಟೀಚರ್. ಸುಳ್ಳೇಕೆ ಹೇಳಲಿ, ನಾನು ಬಹಳ ಬೀಗಿದ್ದೆ.

ಶಾಲೆ ಶುರುವಾದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳ ಕೈಗೆ ಒಂದೊಂದು ಗುಲಾಬಿ ಕೊಟ್ಟು ಒಳಗೆ ಕರೆದುಕೊಂಡೆವು. ಮಧ್ಯಾಹ್ನದ ಊಟಕ್ಕೆ ಗೋದಿ ಹುಗ್ಗಿ ಇತ್ತು. ಉಳಿದ ವರ್ಗದವರು ಅವತ್ತು ಪಾಠ ಹಚ್ಚಲಿಲ್ಲ. ನಾನು ಮಾತ್ರ ನನ್ನ ಇಪ್ಪತ್ತೈದು ಮಕ್ಕಳನ್ನು ಕೂರಿಸಿಕೊಂಡು ಒಂದು ತಾಸು ಭಾಷಣ ಹೊಡೆದೆ. ಹೊಸ ವರ್ಷದಲ್ಲಿ ಏನೇನು ಕಲಿಯುತ್ತೀರಿ, ಹೇಗೆ ಕಲಿಯಬೇಕು, ಇಲ್ಲಿ ಗೈಡು ನೋಡಿ ಬರೆಯುವುದು ನಡೆಯುವುದಿಲ್ಲ, ಬಾಯಿಪಾಠ ನಡೆಯುವುದಿಲ್ಲ. ಕಡೆಗೆ ಹೇಳಿದೆ: “ನೀವೆಲ್ಲಾ ಆರಿಸಿ ತಗದ ಬೀಜ ಇದ್ದಂಗ. ಸಂಶಯ ಬಂತಂದ್ರ ಎದ್ದು ಕೇಳ್ರಿ. ನಾ ಹೇಳಿದ್ದ ತಪ್ಪು ಅನಿಸಿದ್ರೂ ಕೇಳ್ರಿ. ಲೆಕ್ಕದಾಗ ದೊಡ್ಡವರು ಸಣ್ಣವರು ಅಂತ ಇಲ್ಲ.” ಇಂಥ ಮಾತುಗಳು ನನಗೆ ಚೆನ್ನಾಗಿ ಬರುತ್ತವೆ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಇದನ್ನೆಲ್ಲ ಬಾಯಿ ಅರ್ಧ ತೆರೆದು ಕೇಳುತ್ತಿದ್ದಳು. ಸಂಪಗಾಂವದ ಆಚೆಯ ಒಂದು ಹಳ್ಳಿಯವಳು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಉಳಿದವರು ನನ್ನನ್ನು ಟೀಚರ್ ಎಂದು ಕರೆದರೆ ಇವಳು ತನ್ನ ಊರ ಶಾಲೆಯ ರೂಢಿಯಲ್ಲೇ ‘ಅಕ್ಕೋರ’ ಎನ್ನುತ್ತಿದ್ದಳು, ಪಕ್ಕದವರು ನಗುತ್ತಿದ್ದರು. ತಂದೆ ಗೌಂಡಿ, ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸ. ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. ಬೇಸಿಗೆಯ ಪರೀಕ್ಷೆಯಲ್ಲಿ ಈ ಹುಡುಗಿಯೇ ಎಲ್ಲರಿಗಿಂತ ಮೊದಲು ಬಂದಿದ್ದಳು. ಅದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು ಎನ್ನುವುದನ್ನು ಇಲ್ಲಿ ಬರೆದಿಡಬೇಕು.

ನಮ್ಮಲ್ಲಿ ವರ್ಷದ ಶುರುವಿನಲ್ಲಿ ‘ಸೇತುಬಂಧ’ ಎಂದು ಒಂದಿರುತ್ತದೆ. ಹಿಂದಿನ ತರಗತಿಯದು ಮಕ್ಕಳಿಗೆ ಎಷ್ಟು ನೆನಪಿದೆ ಎಂದು ಮೊದಲು ಒಂದು ಪರೀಕ್ಷೆ. ಆಮೇಲೆ ಕೆಲವು ವಾರ ಹಳೆಯ ಪಾಠವನ್ನೇ ತಿರುವಿ ಹಾಕುವುದು. ಕೊನೆಗೆ ಅಂಥದೇ ಇನ್ನೊಂದು ಪರೀಕ್ಷೆ. ಮೊದಲಿನದಕ್ಕಿಂತ ಎರಡನೆಯದರಲ್ಲಿ ಮಾರ್ಕ್ಸು ಏರಿರಬೇಕು, ಏರಿದ್ದನ್ನು ನಮೂನೆಯಲ್ಲಿ ತುಂಬಿ ಮೇಲೆ ಕಳಿಸಬೇಕು. ಒಳ್ಳೆಯ ಪದ್ಧತಿ, ಮನಸ್ಸಿಟ್ಟು ಮಾಡಿದರೆ ಮಕ್ಕಳಿಗೆ ಉಪಯೋಗವೇ. ನಾನು ಮೊದಲು ರಾಮದುರ್ಗದ ಕಡೆ ಒಂದು ಹಳ್ಳಿಯಲ್ಲಿದ್ದಾಗ ಅದರ ಅಡ್ಡದಾರಿಯನ್ನೂ ಕಲಿತುಕೊಂಡಿದ್ದೆ. ಮೊದಲ ಪರೀಕ್ಷೆಯ ಮಾರ್ಕ್ಸನ್ನು ಸ್ವಲ್ಪ ಬಿಗಿ ಹಿಡಿದು ಹಾಕುವುದು. ಎರಡನೆಯದರಲ್ಲಿ ಕೈ ಸಡಿಲ ಬಿಡುವುದು. ಪಟ್ಟಿ ತಾನಾಗಿ ಚೆಂದ ಕಾಣುತ್ತದೆ. ಅಲ್ಲಿ ಮಕ್ಕಳು ನಿಜವಾಗಿಯೂ ಹಿಂದೆ ಇದ್ದವು, ಹಾಗಾಗಿ ಒಂದೋ ಎರಡೋ ಹೆಚ್ಚು ಕಡಿಮೆ ಮಾಡಿದರೆ ಅದು ಪಾಪ ಎಂದು ನನಗೆ ಅನಿಸುತ್ತಿರಲಿಲ್ಲ.

ಶ್ಯಾಣ್ಯಾರ ವರ್ಗದಲ್ಲಿ ತಕರಾರು ಬೇರೆಯದೇ ಆಯಿತು. ಇಪ್ಪತ್ತು ಪ್ರಶ್ನೆ, ಇಪ್ಪತ್ತು ಮಾರ್ಕ್ಸು. ಪೇಪರು ತಿದ್ದಿದರೆ ಯಾರದೂ ಹದಿನೇಳಕ್ಕಿಂತ ಕೆಳಗಿಲ್ಲ. ಆ ಹುಡುಗಿಯದು ಇಪ್ಪತ್ತಕ್ಕೆ ಇಪ್ಪತ್ತು. ಬಂಡಲು ನೋಡಿ ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು.

“ಮ್ಯಾಡಂ, ಮೊದಲಕ್ಕ ಇಪ್ಪತ್ತು ತಗೊಂಡು ಕುಂತ್ರ ಮುಂದ ಇವು ಎಲ್ಲಿ ಏರ್ತಾವ್ರಿ? ಹೊಸಾ ವರ್ಗ ಮಾಡೇವಿ, ಮ್ಯಾಲಿನವರು ನೋಡವ್ರು ಅದಾರ. ಏರಾಕ ಜಾಗಾ ಬಿಟ್ಟು ಹಾಕ್ರಿ.”

“ಪೇಪರಿನ್ಯಾಗ ರೈಟ್ ಹಾಕೇನಲ್ರಿ ಸರ್.”

“ಇನ್ನೊಂದ ಪ್ರತಿ ಬರಸ್ರಿ ಅಂದ್ರ ಮಕ್ಕಳು ಬರಿಯೂದಿಲ್ಲೇನ್ರಿ? ಹಾಳಿ ಹಾಳಾದ್ವು ಅನ್ರಿ.”

ಇಲ್ಲಿ ನಾನು ಬೇಡ ಎನ್ನಬಹುದಿತ್ತು. ಹೆಡ್‌ಮಾಸ್ತರರು ಕೆಟ್ಟವರಲ್ಲ, ಒತ್ತಾಯ ಮಾಡುವವರೂ ಅಲ್ಲ. ಒಂದು ಸಲ ಗಟ್ಟಿಯಾಗಿ ಬೇಡ ಎಂದಿದ್ದರೆ ‘ಆತು ಬಿಡ್ರಿ’ ಎಂದು ಸುಮ್ಮನಾಗುತ್ತಿದ್ದರು. ನಾನು ಎನ್ನಲಿಲ್ಲ. ಮರುದಿನ ಮಕ್ಕಳ ಮುಂದೆ ಹೋಗಿ, ಪೇಪರಿನ ಮೇಲೆ ಚಹಾ ಚೆಲ್ಲಿತು, ಇನ್ನೊಮ್ಮೆ ಬರೆಯಿರಿ ಎಂದೆ. ಪಾಪ, ನಗುತ್ತಲೇ ಬರೆದು ಕೊಟ್ಟವು.

ಸಂಜೆ ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತು ತಿದ್ದಿದೆ. ಡಾಕ್ಟರರ ಮಗನ ಪೇಪರು ಬಂತು. ಇವನದನ್ನು ಬಹಳ ಇಳಿಸಿದರೆ ತಂದೆ ಫೋನು ಮಾಡುತ್ತಾರೆ ಎಂದು ಹದಿನೈದು ಹಾಕಿದೆ. ನಮ್ಮ ಸಹೋದ್ಯೋಗಿಯೊಬ್ಬರ ಮಗಳದು ಬಂತು. ಅವಳಿಗೂ ಹದಿನೈದು. ಕಿರಾಣಿ ಅಂಗಡಿಯವರ ಮಗನಿಗೆ ಹದಿನಾಲ್ಕು. ಎಲ್ಲರಿಗೂ ಹೀಗೇ ಹಾಕಿದರೆ ಸರಾಸರಿ ಸಾಕಷ್ಟು ಕೆಳಗಿಳಿಯುವುದಿಲ್ಲ, ಯಾರದಾದರೂ ಚೆನ್ನಾಗಿ ಇಳಿಯಬೇಕಿತ್ತು. ಆಗ ನಾನು ಹಾಜರಿ ಪುಸ್ತಕ ತೆಗೆದು ಪಕ್ಕಕ್ಕೆ ಇಟ್ಟುಕೊಂಡೆ. ತಂದೆಯ ಉದ್ಯೋಗ ಎಂಬ ಕಾಲಮ್ಮಿನ ಮೇಲೆ ಬೆರಳಾಡಿಸಿದೆ. ಯಾರ ಮನೆಯಿಂದ ಕೇಳಲು ಯಾರೂ ಬರುವುದಿಲ್ಲವೋ ಅಂಥ ಐದಾರು ಮಕ್ಕಳನ್ನು ಹುಡುಕಿ, ಅವರ ಪೇಪರಿನಲ್ಲಿ ಸರಿಯಾದ ಉತ್ತರಗಳ ಮೇಲೆ ಕೆಂಪು ಗೆರೆ ಎಳೆದೆ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದು ಇದೇ. ಗೌಂಡಿಯ ಮಗಳ ಪೇಪರಿನಲ್ಲಿ ಹನ್ನೊಂದು ಉತ್ತರಗಳನ್ನು ಹೊಡೆದು ಹಾಕಿ ಒಂಬತ್ತು ಎಂದು ಬರೆದೆ.

ಇದು ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದುಕೊಂಡಿದ್ದೆ. ಪೇಪರನ್ನು ನಾವು ಮಕ್ಕಳಿಗೆ ಮರಳಿ ಕೊಡುವುದಿಲ್ಲ, ಕಡತಕ್ಕೆ ಹಚ್ಚಿಡುತ್ತೇವೆ. ಆದರೆ ಮಾರ್ಕ್ಸಿನ ಪಟ್ಟಿಯನ್ನು ವರ್ಗದ ಗೋಡೆಗೆ ಅಂಟಿಸಬೇಕು ಎಂದಿತ್ತು, ಅಂಟಿಸಿದೆ. ಮಕ್ಕಳು ಮುಗಿಬಿದ್ದು ನೋಡಿದರು. ಆ ಹುಡುಗಿ ಎಲ್ಲರೂ ಸರಿದ ಮೇಲೆ ಹೋಗಿ ನೋಡಿದಳು. ಪಟ್ಟಿಯ ಕೊನೆಯಿಂದ ಎರಡನೆಯ ಹೆಸರು ಅವಳದು. ತಿರುಗಿ ಬಂದು ಕುಳಿತು ಪುಸ್ತಕ ತೆರೆದಳು.

ಮರುದಿನ ಚಹಾದ ಸೂಟಿಯಲ್ಲಿ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಸಂಶಯ ಬಂದರೆ ಕೇಳಿ ಎಂದು ನಾನೇ ಹೇಳಿದ್ದೆನಲ್ಲ.

“ಅಕ್ಕೋರ, ನಂದ ಯಾವ್ಯಾವ ತಪ್ಪ್ಯಾವ ಒಂದೀಟ ತೋರಸ್ರಿ. ಮುಂದ ತಿದ್ದಕೋತೇನ್ರಿ.”

“ಪೇಪರ ಕೊಡೂದಿಲ್ಲ. ಅವು ಆಫೀಸಿನ್ವು.”

“ಕೊಡಬ್ಯಾಡ್ರಿ. ನೋಡಿ ಹೋಗತೇನ್ರಿ ಅಷ್ಟ.”

ಪಕ್ಕದಲ್ಲಿ ವಿಜ್ಞಾನದ ಮಾಸ್ತರರು ಬಿಸ್ಕೀಟು ತಿನ್ನುತ್ತಿದ್ದರು. “ತೋರಸ್ರಿ ಮ್ಯಾಡಂ, ತಾನಾಗಿ ಕೇಳಾಕ ಬಂದೈತಿ ಹುಡುಗಿ,” ಎಂದರು. ಇಲ್ಲ ಎನ್ನಲು ನನಗೆ ನೆವ ಸಿಗಲಿಲ್ಲ. ಬಂಡಲು ಬಿಚ್ಚಿ ಅವಳ ಪೇಪರು ತೆಗೆದು ಮೇಜಿನ ಮೇಲೆ ಇಟ್ಟೆ. ಅವಳು ಕೈ ಹಚ್ಚದೆ, ಬಗ್ಗಿ, ಒಂದೊಂದೇ ಪ್ರಶ್ನೆಯನ್ನು ತುಟಿಯಲ್ಲೇ ಓದಿಕೊಳ್ಳುತ್ತ ಹೋದಳು. ಕೆಂಪು ಗೆರೆ ಬಂದಲ್ಲಿ ನಿಂತು, ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಮಾಡಿ, ಮುಂದಕ್ಕೆ ಹೋಗುತ್ತಿದ್ದಳು. ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಬೆರಳು ಇಟ್ಟಳು.

ಪ್ರಶ್ನೆ ಹೀಗಿತ್ತು: ಒಂದು ಚೌಕ ಕೋಣೆಗೆ ಹಾಸಲು ನೂರು ಫರಸಿ ಬೇಕು. ಅದರ ಎರಡು ಪಟ್ಟು ಉದ್ದ, ಎರಡು ಪಟ್ಟು ಅಗಲ ಇರುವ ಕೋಣೆಗೆ ಅಂಥವೇ ಎಷ್ಟು ಬೇಕು? ಅವಳು ನಾಲ್ಕುನೂರು ಎಂದು ಬರೆದಿದ್ದಳು. ಅದೇ ಸರಿಯಾದ ಉತ್ತರ.

“ಇದ ಹೆಂಗ ತಪ್ಪಾತ್ರಿ ಅಕ್ಕೋರ? ನಮ್ಮ ಅಪ್ಪ ಫರಸಿ ಹಾಸತಾನ್ರಿ. ಸಂಜೀಕ ನಾನೂ ಅಪ್ಪಾನೂ ಇಂಥಾ ಲೆಕ್ಕಾ ದಿನಾ ಮಾಡತೇವ್ರಿ.”

ವಿಜ್ಞಾನದ ಮಾಸ್ತರರು ಕುತ್ತಿಗೆ ಚಾಚಿ ನೋಡತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಪೇಪರನ್ನು ಸರಕ್ಕನೆ ಎಳೆದುಕೊಂಡು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ಎರಡ ಪಟ್ಟು ಅಂತ ಬರದೈತಿ, ಕಣ್ಣ ಕಾಣಸೂದಿಲ್ಲೇನ? ನೂರರ ಎರಡ ಪಟ್ಟು ಅಂದ್ರ ಎರಡನೂರು. ನಾಲ್ಕನೂರು ಎಲ್ಲಿಂದ ತಂದಿ? ಮನ್ಯಾಗಿನ ಲೆಕ್ಕಾ ಸಾಲ್ಯಾಗ ತರಬ್ಯಾಡ.”

ಮಾತು ಮುಗಿಯುವ ಮೊದಲೇ ನನಗೆ ಗೊತ್ತಿತ್ತು, ನಾನು ಹೇಳುತ್ತಿರುವುದು ತಪ್ಪು ಎಂದು. ನಾಲ್ಕು ಚೌಕ ಬರೆದು ತೋರಿಸಿ ಇದನ್ನೇ ನಾನು ಎಷ್ಟೋ ವರ್ಷ ಕಲಿಸಿದ್ದೇನೆ. ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಎದುರಾಡುವುದು ಏನೂ ಇರಲಿಲ್ಲ, ಎಲ್ಲೋ ಏನೋ ಹೊಂದುತ್ತಿಲ್ಲ ಎಂದು ಹುಡುಕುತ್ತಿದ್ದಳು ಅಷ್ಟೆ. “ಹೂನ್ರಿ,” ಎಂದು ಹೊರಟುಹೋದಳು. ವಿಜ್ಞಾನದ ಮಾಸ್ತರರು ಪ್ರಶ್ನೆಯನ್ನು ಪೂರ್ತಿ ಓದಿರಲಿಲ್ಲ. ಕಪ್ಪು ತೊಳೆಯಲು ಎದ್ದು ಹೋದರು.

ಕರೆದು ಹೇಳಬೇಕಿತ್ತು. ಅವತ್ತು ಸಂಜೆಯೇ, ಬಸ್ ಸ್ಟ್ಯಾಂಡಿನಲ್ಲಾದರೂ ಹೇಳಬೇಕಿತ್ತು. ಅವಳಿಗೆ ಇದೊಂದು ಸರಿ ಎಂದು ಹೇಳಿದರೆ ಉಳಿದ ಹತ್ತನ್ನೂ ಕೇಳುತ್ತಾಳೆ, ಆಮೇಲೆ ಪಟ್ಟಿಯೇ ಸುಳ್ಳು ಎಂದಾಗುತ್ತದೆ. ಹೀಗೆ ಲೆಕ್ಕ ಹಾಕಿ ಸುಮ್ಮನಾದೆ. ವರ್ಗದಲ್ಲಿ ಮಾತ್ರ ಅವಳ ಬೆಂಚಿನ ಕಡೆ ನೋಡುವುದನ್ನು ಬಿಟ್ಟೆ. ನೋಡಿದಾಗಲೆಲ್ಲ ಅವಳು ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಕಾಯುತ್ತಿದ್ದಳು. ನಾನು ಬೋರ್ಡಿನ ಮೇಲೆ ಬರೆದ ಮೇಲೆ ಪೆನ್ನು ಹಿಡಿಯುತ್ತಿದ್ದಳು.

ಆ ವಾರವೇ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗೌಂಡಿಗಳು ಕೆಲಸ ಹಿಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ವರಾಂಡದಲ್ಲಿ ಒಬ್ಬರು ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಿಮೆಂಟು ತಿಂದು ಬಿರುಕು ಬಿಟ್ಟ ಬೆರಳುಗಳು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಆ ಹುಡುಗಿಯ ತಂದೆ ಎಂದು ಹೇಳಿಕೊಂಡರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು, ಅದಕ್ಕೆ ತಯಾರಾಗಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ.

“ನನ್ನದ ತಪ್ಪಾಗೇತ್ರಿ ಅಕ್ಕೋರ,” ಎಂದರು.

ನನಗೆ ತಿಳಿಯಲಿಲ್ಲ. “ಏನ ತಪ್ಪು? ಕುಂದರ್ರಿ ಮೊದಲ.”

ಅವರು ಕುಳಿತುಕೊಳ್ಳಲಿಲ್ಲ. “ನಾ ಏಳನೇತ್ತಾಕ ಸಾಲಿ ಬಿಟ್ಟಾವ್ರಿ. ಕೆಲಸದ ಲೆಕ್ಕ ಅಷ್ಟ ಗೊತ್ತು. ಸಂಜೀಕ ಕುಂತಾಗ ಆಕಿಗೆ ಅದನ್ನ ಹೇಳಿಕೊಟ್ಟೇನಿ. ಖೋಲಿ ಅತ್ತ ಎರಡ ಪಟ್ಟ ಇತ್ತ ಎರಡ ಪಟ್ಟ ಆತಂದ್ರ ನಮಗ ಫರಸಿ ನಾಕ ಪಟ್ಟ ಹತ್ತತಾವ್ರಿ. ಸಾಲಿ ಲೆಕ್ಕ ಬ್ಯಾರೆ ಇರತೈತಿ ಅನ್ನೂದು ನನಗ ಎಲ್ಲಿ ಗೊತ್ರಿ? ನೀವು ಓದಿದವರು. ಇನ್ನ ಮ್ಯಾಲ ನಾ ಆಕಿಗೆ ಲೆಕ್ಕಾ ಹೇಳಿಕೊಡೂದಿಲ್ರಿ. ನೀವು ಹೇಳಿದ್ದ ಅಷ್ಟ ಕಲೀಲಿ.”

ಅವರು ಇನ್ನಷ್ಟು ಹತ್ತಿರ ಬಂದು ದನಿ ಇಳಿಸಿದರು.

“ಒಂಬತ್ತ ಮಾರ್ಕ್ಸಿನಾಕಿನ್ನ ಈ ವರ್ಗದಾಗ ಇಡತಾರೋ ಇಲ್ಲೋ ಅಂತ ಎರಡ ದಿನಾ ಆತ್ರಿ, ಸರಿ ಉಂಡಿಲ್ಲ. ತಗದ ಹಾಕಬ್ಯಾಡ್ರಿ ಅಕ್ಕೋರ. ಆಕಿಗೆ ಈ ಸಾಲಿ ಅಂದ್ರ ಜೀವ.”

ಇಷ್ಟು ಹೇಳಿ ಎರಡೂ ಕೈ ಎತ್ತಿ ಮುಗಿದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. “ತಗಿಯೂದಿಲ್ಲ ಬಿಡ್ರಿ. ಚೊಲೋ ಓದಾಕ ಹೇಳ್ರಿ,” ಎಂದೆ. ದೊಡ್ಡ ಉಪಕಾರ ಮಾಡುವವಳ ಹಾಗೆ ಹೇಳಿದೆ. ಆ ನಮಸ್ಕಾರವನ್ನು ಕುಳಿತಲ್ಲಿಯೇ ತೆಗೆದುಕೊಂಡೆ, ತಲೆ ಕೂಡ ಬಗ್ಗಿಸಲಿಲ್ಲ. ಅವರು ಹಿಂದಕ್ಕೆ ಹೆಜ್ಜೆ ಇಡುತ್ತ ಮೆಟ್ಟಿಲು ಇಳಿದು ಚಪ್ಪಲಿ ಮೆಟ್ಟಿ ಹೋದರು. ನನ್ನ ಮುಂದೆ ಡಬ್ಬಿ ತೆರೆದೇ ಇತ್ತು. ನಾಚಿಕೆಗೆಟ್ಟವಳು, ಊಟ ಮಾಡಿ ಮುಗಿಸಿದೆ.

ಜುಲೈಯಲ್ಲಿ ಎರಡನೆಯ ಪರೀಕ್ಷೆ ಆಯಿತು. ಪ್ರಶ್ನೆಗಳು ಅವೇ, ಅಂಕಿ ಮಾತ್ರ ಬೇರೆ. ಫರಸಿಯ ಲೆಕ್ಕದಲ್ಲಿ ನೂರರ ಬದಲು ನೂರೈವತ್ತು ಎಂದಿತ್ತು. ಉಳಿದ ಇಪ್ಪತ್ನಾಲ್ಕು ಮಕ್ಕಳು ಆರುನೂರು ಎಂದು ಬರೆದಿದ್ದರು. ಅವಳು ಹಂತ ಹಂತವಾಗಿ, ಅಡಿಗೆರೆ ಹಾಕಿ, ನನ್ನ ಮಾತನ್ನೇ ಇಳಿಸಿದ್ದಳು: ಎರಡು ಪಟ್ಟು, ಆದ್ದರಿಂದ ನೂರೈವತ್ತರ ಎರಡು ಪಟ್ಟು, ಮುನ್ನೂರು. ವರ್ಗದಲ್ಲೆಲ್ಲ ತಪ್ಪು ಉತ್ತರ ಇದ್ದದ್ದು ಅವಳೊಬ್ಬಳದೇ, ಅದೂ ನಾನು ಕಲಿಸಿದ್ದು. ನಾನು ಅದರ ಮುಂದೆ ರೈಟ್ ಹಾಕಿದೆ. ಸರಿ ಬರೆದಾಗ ಸೊನ್ನೆ ಕೊಟ್ಟಿದ್ದೆ, ತಪ್ಪು ಬರೆದಾಗ ಒಂದು ಕೊಟ್ಟೆ. ಒಟ್ಟು ಇಪ್ಪತ್ತಕ್ಕೆ ಇಪ್ಪತ್ತು.

ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರು ಪಟ್ಟಿ ಓದಿದರು. ಎಲ್ಲರಿಗಿಂತ ಹೆಚ್ಚು ಏರಿದವಳು ಎಂದು ಅವಳನ್ನು ಮುಂದೆ ಕರೆದರು. “ಒಂಬತ್ತರಿಂದ ಇಪ್ಪತ್ತಕ್ಕ ಬಂದಾಳ. ಮನಸ್ಸ ಮಾಡಿದ್ರ ಹೆಂಗ ಏರಬಹುದು ಈಕಿನ್ನ ನೋಡಿ ಕಲೀರಿ. ಇದರ ಹಿಂದ ಟೀಚರ್ ಅವರ ಶ್ರಮ ಐತಿ.” ಚಪ್ಪಾಳೆ ಬಿತ್ತು. ಅವಳು ಕೈಕಟ್ಟಿ, ತನ್ನ ಕಾಲು ನೋಡುತ್ತ ನಿಂತಿದ್ದಳು. ನನಗೂ ಚಪ್ಪಾಳೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಮಾತಿಗೆ ಎಷ್ಟೋ ಸಲ ಅಂದಿದ್ದೆ, ಅವತ್ತು ಅದು ನಿಜವಾಗಿ ಬೇಕಾಗಿತ್ತು.

ಪ್ರಾರ್ಥನೆ ಮುಗಿದ ಕೂಡಲೇ ಅವಳನ್ನು ನೀರಿನ ಟಾಕಿಯ ಹಿಂದೆ ಕರೆದೆ.

“ಆ ಫರಸಿ ಲೆಕ್ಕ ಐತೆಲ್ಲ, ನೀ ಮೊದಲ ಬರದಿದ್ದ ಸರಿ ಇತ್ತು. ನಾಲ್ಕ ಪಟ್ಟು.”

“ಗೊತ್ತೈತ್ರಿ ಅಕ್ಕೋರ.”

“ಗೊತ್ತೈತಿ? ಮತ್ತ ಎರಡ ಪಟ್ಟು ಅಂತ ಯಾಕ ಬರದಿ?”

“ನೀವು ಹಂಗ ಹೇಳಿದ್ರೆಲ್ರಿ. ಸಾಲ್ಯಾಗ ಹಂಗ ಬರೀಬೇಕು ಅಂತ ಬರದೆ.”

ಅದರಲ್ಲಿ ಕೊಂಕು ಇರಲಿಲ್ಲ, ಕೋಪವೂ ಇರಲಿಲ್ಲ. ಹದಿಮೂರು ವರ್ಷದ ಹುಡುಗಿ, ಲೆಕ್ಕ ಒಂದು, ಟೀಚರರಿಗೆ ಬೇಕಾದದ್ದು ಇನ್ನೊಂದು ಎಂದು ತಿಳಿದುಕೊಂಡು, ಅದಕ್ಕೆ ಹೊಂದಿಕೊಂಡಿದ್ದಳು. ಅವಳ ಚುರುಕುತನಕ್ಕೆ ನಾನು ಕಲಿಸಿದ ಮೊದಲ ಪಾಠ ಇದು. ಅವಳೇ ಮತ್ತೆ ಮಾತಾಡಿದಳು.

“ನನಗ ಇರ್ಲಿ ಬಿಡ್ರಿ. ನಮ್ಮ ಅಪ್ಪಗ ಹೇಳ್ರಿ ಅಕ್ಕೋರ. ಅಪ್ಪ ಈಗ ನನ್ನ ಕೂಡ ಲೆಕ್ಕಕ್ಕ ಕುಂದ್ರೂದಿಲ್ರಿ. ನಾ ಬುಕ್ಕ ತಗದ್ರ ಎದ್ದ ಹೊರಗ ಹೋಗತಾನ. ನಾ ಹೇಳಿದ್ರ ನಂಬಾಕ ಒಲ್ಲಾ.”

ನಾನು ನೇರವಾಗಿ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಮೊದಲ ಪಟ್ಟಿ ತಿದ್ದೋಣ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮೂನೆ ಹೋಗಿ ವಾರ ಆತ್ರಿ ಮ್ಯಾಡಂ. ಈಗ ತಿದ್ದಿದ್ರ ಎಲ್ಲಾ ಇಪ್ಪತ್ತೈದೂ ತಿದ್ದಬೇಕು. ನಿಮಗೂ ನೋಟೀಸು, ನನಗೂ ನೋಟೀಸು. ಹುಡುಗಿಗೆ ಏನ ಲುಕ್ಸಾನ ಆಗೇತಿ? ಮಾನ ಮಾಡೇವಿ ನಾವು.” ನೋಟೀಸು ಎಂದ ಕೂಡಲೇ ನಾನು ತಣ್ಣಗಾದೆ. ಪಟ್ಟಿ ಇದ್ದ ಹಾಗೇ ಇರಲಿ, ತಂದೆಗೆ ಹೋಗಿ ಹೇಳಿದರೆ ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಡಿಮೆ ಖರ್ಚಿನ ಪ್ರಾಯಶ್ಚಿತ್ತ ಹುಡುಕುವುದರಲ್ಲಿ ನಾನು ಹುಷಾರು.

ಅವರು ಆಗ ಮುನವಳ್ಳಿಯಲ್ಲಿ ಒಂದು ದೊಡ್ಡ ಮನೆಗೆ ಫರಸಿ ಹಾಸುತ್ತಿದ್ದಾರೆ ಎಂದು ಹುಡುಗಿ ಹೇಳಿದಳು. ಆ ಭಾನುವಾರ ಸವದತ್ತಿ ಕಡೆಯ ಬಸ್ಸು ಹತ್ತಿದೆ. ಗಂಡ ಎಲ್ಲಿಗೆ ಎಂದು ಕೇ‍ಳಿದರೆ ಗೆಳತಿಯ ಮನೆಗೆ ಎಂದು ಸುಳ್ಳು ಹೇಳಿದೆ. ಮುನವಳ್ಳಿಯಲ್ಲಿ ಇಳಿದು ಕೇಳುತ್ತ ಹೋದರೆ ಆ ಮನೆ ಸಿಕ್ಕಿತು. ಬಾಗಿಲು ಇನ್ನೂ ಕೂಡಿಸಿರಲಿಲ್ಲ. ಒಳಗೆ ಅವರು ಮೊಣಕಾಲೂರಿ ಕುಳಿತು, ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ದಾರ ನೋಡಿಕೊಂಡು, ಕಟ್ಟಿಗೆಯ ಸುತ್ತಿಗೆಯಿಂದ ಫರಸಿಯ ಮೂಲೆ ಮೂಲೆ ಬಡಿಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದರು.

“ಹುಡುಗಿಗೆ ಏನರ ಆತೇನ್ರಿ?”

“ಏನೂ ಆಗಿಲ್ಲ. ಆರಾಮ ಅದಾಳ. ನಿಮಗೊಂದ ಮಾತ ಹೇಳಾಕ ಬಂದೇನಿ. ನಿಮ್ಮ ಲೆಕ್ಕಾ ಸರಿ ಐತಿ, ನಾಲ್ಕ ಪಟ್ಟು. ನಾನ ತಪ್ಪ ಹೇಳಿದ್ದೆ.”

ಅವರು ನಕ್ಕುಬಿಟ್ಟರು. ಕೈಯ ಸಿಮೆಂಟನ್ನು ಟವೆಲ್ಲಿಗೆ ಒರೆಸಿಕೊಂಡು, ಮೂಲೆಯಲ್ಲಿದ್ದ ಸ್ಟೂಲನ್ನು ತಂದು ನನ್ನ ಮುಂದೆ ಇಟ್ಟರು. “ಇರ್ಲಿ ಬಿಡ್ರಿ ಅಕ್ಕೋರ. ನನಗ ಕೆಟ್ಟ ಅನಿಸಬಾರದು ಅಂತ ಇಷ್ಟ ದೂರ ಬಂದ್ರೆಲ್ಲ, ದೊಡ್ಡ ಮನಸ್ಸು ನಿಮ್ಮದು. ಲೆಕ್ಕದ ಅಕ್ಕೋರಿಗೆ ಲೆಕ್ಕಾ ತಪ್ಪತೈತೇನ್ರಿ?”

ನಂಬುತ್ತಿಲ್ಲ. ಕಾಲ ಕೆಳಗೆ ನಾಲ್ಕು ಪಟ್ಟು ಫರಸಿ ಹಾಸಿಕೊಂಡು ನಿಂತವರು, ನನ್ನ ಮಾತು ತಪ್ಪಿರಲಾರದು ಎನ್ನುತ್ತಿದ್ದಾರೆ. ಅರ್ಧ ಸತ್ಯ ಇಲ್ಲಿ ನಡೆಯುವುದಿಲ್ಲ ಎಂದು ಆಗ ಗೊತ್ತಾಯಿತು. ನಾನು ಸ್ಟೂಲಿನ ಮೇಲೆ ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಿದ್ದದ್ದು ಇಪ್ಪತ್ತು, ಒಂಬತ್ತಲ್ಲ. ಮುಂದೆ ಏರಿದ್ದು ಕಾಣಲಿ ಎಂದು ಇಳಿಸಿದ್ದು ನಾನು. ಮೊನ್ನೆ ಚಪ್ಪಾಳೆ ಹೊಡೆಸಿದ್ದೂ ಸುಳ್ಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಅವರ ನಗು ಹೋಯಿತು. ಟವೆಲ್ಲಿನಲ್ಲಿ ಅದೇ ಬೆರಳುಗಳನ್ನು ಒರೆಸುತ್ತ ನಿಂತರು.

“ಹಂಗಾರ ಎಲ್ಲಾ ಹುಡುಗೂರ್ದೂ ಇಳಿಸೀರೇನ್ರಿ?”

“ಇಳಿಸೇನಿ. ಆದ್ರ ಅಷ್ಟಷ್ಟ. ಐದಾರ ಮಂದೀದ ಮಾತ್ರ ಬಾಳ ಇಳಿಸೇನಿ.”

“ಅದರಾಗ ಆಕೀದು ಯಾಕ್ರಿ?”

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಏನಾದರೂ ಒಂದು ಹೇಳಿ ತೇಲಿಸಬಹುದಿತ್ತು, ಅಂಥ ಮಾತುಗಳು ನನಗೆ ಚೆನ್ನಾಗಿ ಬರುತ್ತವೆ ಎಂದು ಹೇಳಿದೆನಲ್ಲ. ಅವತ್ತು ಬರಲಿಲ್ಲ.

“ನಿಮ್ಮ ಮನಿಯಿಂದ ಕೇಳಾಕ ಯಾರೂ ಬರೂದಿಲ್ಲ ಅಂತ ಇಳಿಸಿದೆ,” ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮಾತು ಸರಿಯಾಗಿ ಅರ್ಥವಾಯಿತೋ ಇಲ್ಲವೋ ಎನ್ನುವ ಹಾಗೆ ಒಂದು ಸಲ ನನ್ನ ಮುಖ ನೋಡಿದರು.

“ನಾ ಬಂದಿದ್ದೆನೆಲ್ರಿ ಅಕ್ಕೋರ,” ಎಂದರು.